ನಿಂತ ಕಾರಿನ ಬ್ಯಾಟರಿ

ನಮ್ಮ ಸೋದರಮಾವನ ಮಗನೊಬ್ಬನು ಅಮೆರಿಕದ ಮಿಷಿಗನ್ ಸಂಸ್ಥಾನದಲ್ಲಿ ಸೇತುವೆ, ರಸ್ತೆಗಳ ಇಂಜಿನಿಯರಾಗಿದ್ದಾನೆ. ದಿನನಿತ್ಯದ ಓಡಾಟಕ್ಕೆ ಅವನಲ್ಲಿ ಒಂದು ಸಾಧಾರಣ ಕಾರು ಉಂಟು. ಅದಲ್ಲದೆ ಮನಸ್ಸಿನ ಸಂತೋಷಕ್ಕೆಂದು 1990ರ ದಶಕದ ಮಜ್ದಾ ಎಂಎಕ್ಸ್-5 ಎಂಬ ಸ್ಪೋರ್ಟ್ಸ್ ಕಾರೊಂದನ್ನು ಕೊಂಡಿಟ್ಟುಕೊಂಡಿದ್ದಾನೆ. ಎರಡೇ ಆಸನಗಳು, ಮೇಲಿನ ಹೊದಿಕೆಯನ್ನು ಮಡಿಸಿ ಹಿಂದಕ್ಕೆ ತಳ್ಳಬಹುದು. ಆ ಸೀಮೆಯಲ್ಲಿ ಚಳಿಗಾಲ ಬಂತೆಂದರೆ ರಸ್ತೆಯ ಮೇಲಿನ ಹಿಮವನ್ನು ಕರಗಿಸಲು ಉಪ್ಪನ್ನು ಎರಚುತ್ತಾರೆ. ಉಪ್ಪುನೀರು ಕಾರಿನ ಉಕ್ಕಿನ ಮೈಯನ್ನು ತಿನ್ನುತ್ತದೆ. ಆದುದರಿಂದ ಇಂತಹ ಕಾರಿನ ಒಡೆಯರು ನವೆಂಬರಿನಲ್ಲಿ ಅದನ್ನು ಗ್ಯಾರೇಜಿನೊಳಗೆ ನಿಲ್ಲಿಸಿ, ಬಟ್ಟೆ ಹೊದಿಸಿ, ಏಪ್ರಿಲಿನವರೆಗೆ ಹೊರಕ್ಕೆ ತೆಗೆಯುವುದೇ ಇಲ್ಲ.

ಏಳು ವರ್ಷಗಳಲ್ಲಿ ಅವನು ಆ ಕಾರಿಗೆ ಮೂರು ಬ್ಯಾಟರಿಗಳನ್ನು ಹಾಕಿಸಿದ್ದನು. ಮೂರನೆಯದೂ ಸತ್ತ ದಿನ ದೂರವಾಣಿಯಲ್ಲಿ ನಮ್ಮನ್ನು ಕರೆದು, “ಭಾವ, ಮೂರು ಕಂಪನಿ ಬ್ಯಾಟರಿ ಹಾಕಿ ನೋಡಿಯಾಯ್ತು, ಒಂದೂ ಬಾಳಲ್ಲ. ನೀವು ಫಿಸಿಕ್ಸ್ ಪಾಠ ಮಾಡೋವ್ರು. ಯಾವ ಕಂಪನೀದು ತೊಗೊಳ್ಳಲಿ, ಹೇಳಿ” ಎಂದು ಕೇಳಿದನು. ದಿನನಿತ್ಯ ಓಡಿಸುವ ಕಾರಿನ ಬ್ಯಾಟರಿ ಐದು ವರ್ಷದಿಂದ ಒಂದೇ ಸಮನೆ ಕೆಲಸ ಮಾಡುತ್ತಿದೆಯೆಂಬುದನ್ನೂ, ವರ್ಷಕ್ಕೆ ಸಾವಿರ ಮೈಲಿ ಓಡದ ಕಾರಿನದು ಮಾತ್ರ ಸಾಯುತ್ತಿದೆಯೆಂಬುದನ್ನೂ ಅವನೇ ಹೇಳಿದನು. ಉತ್ತರವೆಲ್ಲವೂ ಆ ಮಾತಿನಲ್ಲೇ ಅಡಗಿತ್ತು. ಆದರೆ ಕೇಳಿದ ಪ್ರಶ್ನೆ ಕಂಪನಿಯ ಹೆಸರನ್ನು ಕುರಿತದ್ದು.

ವಸ್ತುವು ಬಳಸಿದರೆ ಸವೆಯುತ್ತದೆ, ಬಳಸದೆ ಇಟ್ಟರೆ ಉಳಿಯುತ್ತದೆ ಎಂಬುದು ನಮ್ಮೆಲ್ಲರ ಅನುಭವ. ಮೆಟ್ಟು, ಬಟ್ಟೆ, ನೇಗಿಲಿನ ಕುಳ ಇವುಗಳ ವಿಷಯದಲ್ಲಿ ಇದು ನಿಜ. ಸೀಸ-ಆಮ್ಲದ ಬ್ಯಾಟರಿಯ ವಿಷಯದಲ್ಲಿ ಮಾತ್ರ ಇದು ಶುದ್ಧ ತಪ್ಪು. ಈ ತಪ್ಪು ತಿಳಿವಳಿಕೆಯನ್ನು ಕಾಲೇಜಿನಲ್ಲಿ ಬ್ಯಾಟರಿಯ ಸಮೀಕರಣವನ್ನು ಬರೆದು ಪೂರ್ಣ ಅಂಕ ಗಳಿಸಿದವರೂ ಹೊತ್ತು ತಿರುಗುತ್ತಾರೆ. ನಮ್ಮ ಪಾಠಕ್ರಮದ ಮೇಲೆ ನಮಗಿರುವ ಅಸಮಾಧಾನಕ್ಕೆ ಇದೂ ಒಂದು ಕಾರಣ.

ಫ್ರಾನ್ಸಿನ ಗಾಸ್ತೋ ಪ್ಲಾಂಟೆ ಎಂಬ ಭೌತವಿಜ್ಞಾನಿಯು 1859ರಲ್ಲಿ ಎರಡು ಸೀಸದ ಹಾಳೆಗಳನ್ನು ಸುರುಳಿ ಸುತ್ತಿ ಗಂಧಕಾಮ್ಲದಲ್ಲಿ ಮುಳುಗಿಸಿ ಈ ಬ್ಯಾಟರಿಯನ್ನು ಕಂಡುಹಿಡಿದನು. 1881ರಲ್ಲಿ ಅದೇ ದೇಶದ ಕಮೀಯ್ ಫೋರ್ ಎಂಬಾತನು ಸೀಸದ ಆಕ್ಸೈಡನ್ನು ಫಲಕಗಳಿಗೆ ಮೆತ್ತುವ ವಿಧಾನವನ್ನು ತಂದನು. ಅಂದಿನಿಂದ ಇಂದಿನವರೆಗೆ ಒಳಗಿನ ರಸಾಯನಕ್ರಿಯೆ ಬದಲಾಗಿಲ್ಲ. ಧನಫಲಕದಲ್ಲಿ ಸೀಸದ ಡೈಆಕ್ಸೈಡು, ಋಣಫಲಕದಲ್ಲಿ ಸ್ಪಂಜಿನಂತಹ ಶುದ್ಧ ಸೀಸ, ನಡುವೆ ನೀರು ಬೆರೆಸಿದ ಗಂಧಕಾಮ್ಲ. ವಿದ್ಯುತ್ತನ್ನು ಹೊರಕ್ಕೆ ತೆಗೆದಂತೆಲ್ಲ ಎರಡು ಫಲಕಗಳೂ ಸೀಸದ ಸಲ್ಫೇಟಾಗಿ ಮಾರ್ಪಡುತ್ತವೆ. ಆಮ್ಲವು ಖರ್ಚಾಗಿ ನೀರು ಹುಟ್ಟುತ್ತದೆ. ಹೊರಗಿನಿಂದ ವಿದ್ಯುತ್ತನ್ನು ತುಂಬಿದರೆ ಎಲ್ಲವೂ ಹಿಂದುಮುಂದಾಗಿ ನಡೆದು ಮೊದಲಿನ ಸ್ಥಿತಿಗೆ ಬರುತ್ತದೆ. ಒಂದು ಕೋಶದ ಒತ್ತಡ ಎರಡು ವೋಲ್ಟಿಗಿಂತ ಸ್ವಲ್ಪ ಹೆಚ್ಚು. ಅಂತಹ ಆರು ಕೋಶಗಳು ಕೂಡಿ ಕಾರಿನ ಬ್ಯಾಟರಿಯಾಗುತ್ತವೆ. ತುಂಬಿದ ಬ್ಯಾಟರಿಯನ್ನು ಕೆಲವು ಗಂಟೆಗಳ ಕಾಲ ಸುಮ್ಮನೆ ಬಿಟ್ಟು ಅಳೆದರೆ 12.6 ವೋಲ್ಟಿಗೆ ಕಡಮೆಯಿರದು. 12.2 ವೋಲ್ಟು ತೋರಿದರೆ ಅರ್ಧ ಖಾಲಿಯಾಗಿದೆಯೆಂದೂ, 12ಕ್ಕಿಂತ ಕೆಳಗಿಳಿದರೆ ಬಹುಪಾಲು ಬರಿದಾಗಿದೆಯೆಂದೂ ತಿಳಿಯಬೇಕು. ಒಂದೂವರೆ ವೋಲ್ಟಿಗೂ ಕಡಮೆಯ ಈ ಅಂತರದಲ್ಲಿ ಬ್ಯಾಟರಿಯ ಇಡೀ ಜೀವನ ಅಡಗಿದೆ. ಹನ್ನೆರಡು ತೋರಿಸುತ್ತಿದೆ, ಹನ್ನೆರಡು ವೋಲ್ಟಿನ ಬ್ಯಾಟರಿ, ಸರಿಯಾಗಿದೆ ಎಂದು ಸಮಾಧಾನ ಪಡುವವರು ಮೋಸಹೋಗುವುದು ಇಲ್ಲಿಯೇ.

ಈಗ ಒಂದು ಸಣ್ಣ ಲೆಕ್ಕವನ್ನು ಮಾಡೋಣ. ಕಾಗದ ಪೆನ್ಸಿಲು ಹತ್ತಿರವಿರುವ ವಿದ್ಯಾರ್ಥಿಗಳು ನಮ್ಮೊಡನೆ ಮಾಡಬಹುದು. ಇಂಜಿನನ್ನು ಎಬ್ಬಿಸುವಾಗ ಸ್ಟಾರ್ಟರ್ ಮೋಟಾರು ನೂರೈವತ್ತು ಆಂಪೇರಿನಷ್ಟು ಪ್ರವಾಹವನ್ನು ಎರಡು ಸೆಕೆಂಡುಗಳ ಕಾಲ ಎಳೆಯಿತೆಂದು ಇಟ್ಟುಕೊಳ್ಳಿರಿ. ಅಂದರೆ ಮುನ್ನೂರು ಕೂಲಂಬು. ಒಂದು ಆಂಪೇರ್-ಗಂಟೆಗೆ 3600 ಕೂಲಂಬುಗಳಾದುದರಿಂದ ಖರ್ಚಾದದ್ದು ಆಂಪೇರ್-ಗಂಟೆಯ ಹನ್ನೆರಡರಲ್ಲೊಂದು ಪಾಲು. ಬ್ಯಾಟರಿಯ ಧಾರಣಶಕ್ತಿ ನಲವತ್ತು ಆಂಪೇರ್-ಗಂಟೆ. ಸ್ಟಾರ್ಟರು ಎಷ್ಟೇ ಆರ್ಭಟಿಸಲಿ, ಅದು ಕುಡಿಯುವುದು ಬಿಂದಿಗೆಯಲ್ಲಿ ಒಂದು ಗುಟುಕನ್ನು ಮಾತ್ರ.

ಇನ್ನು ನಿಂತ ಕಾರನ್ನು ನೋಡೋಣ. ಬೀಗ ಹಾಕಿ, ದೀಪ ಆರಿಸಿ ಹೋದಮೇಲೂ ಕಾರಿನೊಳಗೆ ಗಡಿಯಾರ, ರೇಡಿಯೋದ ಜ್ಞಾಪಕ, ಕಳ್ಳರನ್ನು ಕಾಯುವ ಅಲಾರಂ, ಇಂಜಿನನ್ನು ಆಳುವ ಗಣಕ ಇವೆಲ್ಲ ಅರೆನಿದ್ದೆಯಲ್ಲಿ ಎಚ್ಚರವಾಗಿರುತ್ತವೆ. ನಮ್ಮ ಹುಡುಗನಿಗೆ ಒಂದು ಮೀಟರನ್ನು ಬ್ಯಾಟರಿಯ ಋಣ ತಂತಿಗೆ ಸಾಲಾಗಿ ಜೋಡಿಸಿ ಅಳೆಯಲು ಹೇಳಿದೆವು. (ಹಾಗೆ ಜೋಡಿಸಿರುವಾಗ ಬೀಗದ ಕೈ ತಿರುಗಿಸಿ ಇಂಜಿನನ್ನು ಎಬ್ಬಿಸಬಾರದೆಂದೂ ಹೇಳಿದೆವು. ಅವನು ಎಬ್ಬಿಸಿದನು. ಮೀಟರಿನ ಫ್ಯೂಸು ಹೋಯಿತು. ಎರಡನೆಯ ಸಲ ಅಳತೆ ಸಿಕ್ಕಿತು.) ಮೂವತ್ತು ಮಿಲಿಆಂಪೇರ್. ಹಿಂದಿನ ಒಡೆಯನು ಹಾಕಿಸಿದ್ದ ಅಲಾರಮ್ಮಿನದೇ ಅದರಲ್ಲಿ ದೊಡ್ಡ ಪಾಲು. ಈಗಿನ ಕಾರುಗಳಲ್ಲಿ ಇಪ್ಪತ್ತರಿಂದ ಐವತ್ತು ಮಿಲಿಆಂಪೇರಿನ ಸೋರಿಕೆ ಸಾಮಾನ್ಯವೇ ಸರಿ. ಇದನ್ನು ದೋಷವೆಂದು ಯಾರೂ ಹೇಳುವುದಿಲ್ಲ.

ಮೂವತ್ತು ಮಿಲಿಆಂಪೇರ್ ಎಂದರೆ ದಿನಕ್ಕೆ 0.72 ಆಂಪೇರ್-ಗಂಟೆ. ಇಂಜಿನನ್ನು ಎಂಟು ಸಲ ಎಬ್ಬಿಸಿದರೆ ಆಗುವ ಖರ್ಚಿಗಿಂತ ಇದು ಹೆಚ್ಚು. ತಿಂಗಳಿಗೆ 21.6, ಅಂದರೆ ಬ್ಯಾಟರಿಯ ಅರ್ಧಕ್ಕೂ ಮಿಕ್ಕದ್ದು. ಐವತ್ತೈದು ದಿನಗಳಲ್ಲಿ ಲೆಕ್ಕದ ಪ್ರಕಾರ ಸೊನ್ನೆ. ಇದರ ಜೊತೆಗೆ, ತಂತಿಯನ್ನೇ ಜೋಡಿಸದಿದ್ದರೂ ಬ್ಯಾಟರಿಯು ತನ್ನಷ್ಟಕ್ಕೆ ತಾನೇ ಒಳಗೊಳಗೆ ಬರಿದಾಗುವುದುಂಟು. ಈಗಿನ ಒಳ್ಳೆಯ ಬ್ಯಾಟರಿಗಳಲ್ಲಿ ಅದು ಬೆಚ್ಚನೆಯ ಹವೆಯಲ್ಲಿ ತಿಂಗಳಿಗೆ ಶೇಕಡಾ ಮೂರರಿಂದ ಐದರಷ್ಟು. ಉಷ್ಣತೆ ಹತ್ತು ಡಿಗ್ರಿ ಏರಿದರೆ ಹೆಚ್ಚುಕಡಮೆ ಇಮ್ಮಡಿ. ಮಿಷಿಗನ್ನಿನ ಚಳಿಯಲ್ಲಿ ಇದು ಕಡಮೆಯೇ, ಬೆಂಗಳೂರಿನಲ್ಲಿ ಇದಕ್ಕಿಂತ ಹೆಚ್ಚು, ರಾಯಚೂರಿನ ಮೇ ತಿಂಗಳಲ್ಲಿ ಇನ್ನೂ ಹೆಚ್ಚು. ಹೀಗೆ ನವೆಂಬರಿನ ಆರಂಭದಲ್ಲಿ ನಿಲ್ಲಿಸಿದ ಕಾರಿನ ಬ್ಯಾಟರಿ ಕ್ರಿಸ್ಮಸ್ಸು ಕಳೆಯುವುದರೊಳಗೆ ಬತ್ತಿರುತ್ತದೆ. ಒಡೆಯನಿಗೆ ತಿಳಿಯುವುದು ಏಪ್ರಿಲಿನಲ್ಲಿ.

ಖಾಲಿಯಾದರೆ ಏನಾಯಿತು, ಮತ್ತೆ ತುಂಬಿದರೆ ಸರಿಹೋಗದೆ? ಎಂದು ಕೇಳಬಹುದು. ಆಗಲೇ ತುಂಬಿದರೆ ಬಹುಮಟ್ಟಿಗೆ ಸರಿಹೋದೀತು. ಆದರೆ ಸೀಸದ ಸಲ್ಫೇಟು ಹೊಸದಾಗಿ ಹುಟ್ಟಿದಾಗ ಬಹು ಸಣ್ಣ ಹರಳುಗಳ ರೂಪದಲ್ಲಿರುತ್ತದೆ. ಅವು ಸುಲಭವಾಗಿ ಕರಗಿ ಹಿಂದಿನ ರೂಪಕ್ಕೆ ಬರುತ್ತವೆ. ವಾರಗಟ್ಟಲೆ, ತಿಂಗಳುಗಟ್ಟಲೆ ಹಾಗೆಯೇ ಬಿಟ್ಟರೆ ಸಣ್ಣ ಹರಳುಗಳು ಕರಗಿ, ದೊಡ್ಡ ಹರಳುಗಳ ಮೇಲೆ ಕೂಡುತ್ತ ಹೋಗುತ್ತವೆ. ದೊಡ್ಡ ಹರಳಿಗೆ ತನ್ನ ಗಾತ್ರಕ್ಕೆ ಹೋಲಿಸಿದರೆ ಮೇಲ್ಮೈ ಕಡಮೆ. ಮೇಲಾಗಿ ಸೀಸದ ಸಲ್ಫೇಟು ವಿದ್ಯುತ್ತನ್ನು ಹರಿಯಗೊಡದ ವಸ್ತು. ಫಲಕದ ರಂಧ್ರಗಳಲ್ಲಿ ಕಲ್ಲಿನಂತೆ ಕುಳಿತ ಆ ಹರಳುಗಳನ್ನು ಚಾರ್ಜರು ಮುಟ್ಟಲಾರದು. ಇದನ್ನೇ ಸಲ್ಫೇಟು ಕಟ್ಟುವುದು ಎನ್ನುತ್ತಾರೆ. ಬ್ಯಾಟರಿ ಸಾಯುವುದು ಹೆಚ್ಚಾಗಿ ಹೀಗೆ.

ಶೀತದೇಶದಲ್ಲಿ ಇನ್ನೊಂದು ಅಪಾಯವೂ ಉಂಟು. ತುಂಬಿದ ಬ್ಯಾಟರಿಯ ಆಮ್ಲ ಸೊನ್ನೆಗಿಂತ ಐವತ್ತು ಡಿಗ್ರಿ ಕೆಳಗಿಳಿದರೂ ಹೆಪ್ಪುಗಟ್ಟದು. ಖಾಲಿಯಾದ ಬ್ಯಾಟರಿಯಲ್ಲಿರುವುದು ಬಹುಪಾಲು ನೀರೇ ಆದುದರಿಂದ ಸೊನ್ನೆಗಿಂತ ಎಂಟು ಹತ್ತು ಡಿಗ್ರಿ ಕೆಳಗೇ ಅದು ಮಂಜುಗಡ್ಡೆಯಾಗುತ್ತದೆ. ನೀರು ಗಡ್ಡೆಯಾದಾಗ ಹಿಗ್ಗುತ್ತದೆಯಷ್ಟೆ. ನಮ್ಮ ಹುಡುಗನ ಎರಡನೆಯ ಬ್ಯಾಟರಿಯ ಪಕ್ಕಗಳು ಉಬ್ಬಿಹೋಗಿದ್ದವಂತೆ. ಕಂಪನಿಯವರು ತೆಳು ಪ್ಲಾಸ್ಟಿಕ್ಕು ಹಾಕಿದ್ದಾರೆಂದು ಅವನು ಬೈದುಕೊಂಡಿದ್ದನು.

ಇಷ್ಟಾದರೂ ಅವನು ಅಜಾಗರೂಕನಲ್ಲ. ಪ್ರತಿ ಭಾನುವಾರ ಗ್ಯಾರೇಜಿಗೆ ಹೋಗಿ ಐದು ನಿಮಿಷ ಇಂಜಿನನ್ನು ಓಡಿಸಿ ಬರುತ್ತಿದ್ದನು. ಈ ಭಾನುವಾರದ ಶಾಸ್ತ್ರ ಅಮೆರಿಕದಲ್ಲಿ ಮಾತ್ರವಲ್ಲ, ನಮ್ಮಲ್ಲಿಯೂ ಇದೆ. 2020ರ ಲಾಕ್‌ಡೌನಿನ ದಿನಗಳಲ್ಲಿ ಬೆಂಗಳೂರಿನ ಬೀದಿಬೀದಿಗಳಲ್ಲಿ ಜನರು ಹೀಗೆ ಮಾಡುತ್ತಿದ್ದುದನ್ನು ನಾವೇ ಕಂಡಿದ್ದೇವೆ, ನಾವೂ ಮಾಡಿದ್ದೇವೆ. ಇದರ ಫಲವೆಷ್ಟು? ವಾರಕ್ಕೆ ಸೋರಿಹೋಗುವುದು ಐದು ಆಂಪೇರ್-ಗಂಟೆ. ಇಂಜಿನು ನಿಂತಲ್ಲೇ ಮೆಲ್ಲನೆ ಓಡುವಾಗ ಆಲ್ಟರ್ನೇಟರು ಬ್ಯಾಟರಿಗೆ ಹತ್ತು ಆಂಪೇರ್ ಕೊಟ್ಟಿತೆಂದರೂ ಐದು ನಿಮಿಷಕ್ಕೆ ಬರುವುದು 0.83. ಎಬ್ಬಿಸಲು ಆದ ಖರ್ಚನ್ನು ಕಳೆದರೆ ಮುಕ್ಕಾಲು ಆಂಪೇರ್-ಗಂಟೆ. ಐದು ಹೋಗಿ ಮುಕ್ಕಾಲು ಬಂದಂತಾಯಿತು. ಎಂಟು ವಾರದಲ್ಲಿ ಬರಿದಾಗಬೇಕಾದ ಬ್ಯಾಟರಿ ಒಂಬತ್ತು ವಾರ ಕಳೆದು ಬರಿದಾಗುತ್ತದೆ, ಅಷ್ಟೆ ವ್ಯತ್ಯಾಸ. ಹೀಗೆ ಎಬ್ಬಿಸಿದರೆ ಬ್ಯಾಟರಿ ಇನ್ನೂ ಬೇಗ ಖಾಲಿಯಾಗುತ್ತದೆ ಎಂದು ಕೆಲವರು ಹೇಳುವುದು ಸಹ ಅತಿಶಯೋಕ್ತಿಯೇ. ಆದರೆ ಬೇರೊಂದು ಕೇಡು ನಿಶ್ಚಯವಾಗಿ ಉಂಟು. ಒಂದು ಕಿಲೋಗ್ರಾಂ ಪೆಟ್ರೋಲು ಉರಿದರೆ ಸುಮಾರು 1.4 ಕಿಲೋಗ್ರಾಂ ನೀರು ಹುಟ್ಟುತ್ತದೆ. ಇಂಜಿನೂ ಹೊಗೆಕೊಳವೆಯೂ ಚೆನ್ನಾಗಿ ಕಾಯುವ ಮೊದಲೇ ನಿಲ್ಲಿಸಿದರೆ ಆ ನೀರು ಆವಿಯಾಗಿ ಹೊರಗೆ ಹೋಗದೆ ಕೊಳವೆಯೊಳಗೂ ಎಣ್ಣೆಯೊಳಗೂ ತಂಗುತ್ತದೆ. ಬ್ಯಾಟರಿಯನ್ನು ಉಳಿಸಲು ಹೋಗಿ ಕೊಳವೆಗೆ ತುಕ್ಕು ತಂದುಕೊಂಡಂತಾಗುತ್ತದೆ. ಓಡಿಸುವುದಾದರೆ ರಸ್ತೆಗೆ ತಂದು ಮುಕ್ಕಾಲು ಗಂಟೆಯಾದರೂ ಓಡಿಸಬೇಕು. ಇಲ್ಲವೆ ಮುಟ್ಟದೆ ಇರಬೇಕು.

ಸತ್ತ ಬ್ಯಾಟರಿಗೆ ಜೀವ ಕೊಡುತ್ತೇವೆಂದು ಹೇಳುವ ಪುಡಿಗಳೂ, ದ್ರವಗಳೂ, ವಿದ್ಯುತ್ ನಾಡಿಗಳನ್ನು ಕಳುಹಿಸಿ ಸಲ್ಫೇಟನ್ನು ಒಡೆಯುತ್ತೇವೆಂಬ ಪೆಟ್ಟಿಗೆಗಳೂ ಮಾರುಕಟ್ಟೆಯಲ್ಲಿ ಎಂದೂ ಕಡಮೆಯಾಗಿಲ್ಲ. ಇವುಗಳ ವಿಷಯದಲ್ಲಿ ನಮ್ಮ ಓದುಗರು ತಿಳಿದಿರಬೇಕಾದ ಒಂದು ಕಥೆಯುಂಟು. ಎರಡನೆಯ ಮಹಾಯುದ್ಧದ ತರುವಾಯ ಕ್ಯಾಲಿಫೋರ್ನಿಯದ ಓಕ್‌ಲೆಂಡ್ ಪಟ್ಟಣದಲ್ಲಿ ಜೆಸ್ ರಿಚಿ ಎಂಬ ವರ್ತಕನು ಎಡಿ-ಎಕ್ಸ್2 ಎಂಬ ಪುಡಿಯನ್ನು ಮಾರತೊಡಗಿದನು. ಬ್ಯಾಟರಿಗೆ ಹಾಕಿದರೆ ಆಯುಸ್ಸು ಹೆಚ್ಚುತ್ತದೆಂಬುದು ಅವನ ವಾದ. ಪುಡಿಯಲ್ಲಿದ್ದುದು ಮುಖ್ಯವಾಗಿ ಸೋಡಿಯಂ ಸಲ್ಫೇಟು ಮತ್ತು ಮೆಗ್ನೀಸಿಯಂ ಸಲ್ಫೇಟು. ಎರಡನೆಯದು ಔಷಧದ ಅಂಗಡಿಯಲ್ಲಿ ಭೇದಿಯುಪ್ಪೆಂದು ದೊರೆಯುವ ಪದಾರ್ಥ. ಅಮೆರಿಕ ಸರಕಾರದ ನ್ಯಾಷನಲ್ ಬ್ಯೂರೋ ಆಫ್ ಸ್ಟಾಂಡರ್ಡ್ಸ್ ಎಂಬ ಪ್ರಯೋಗಾಲಯವು ಅದನ್ನು ಪರೀಕ್ಷಿಸಿ, ಪ್ರಯೋಜನವೇನೂ ಇಲ್ಲವೆಂದು ಹೇಳಿತು. ಪುಡಿಯನ್ನು ಕೊಂಡವರಲ್ಲಿ ಅನೇಕರು ಮಾತ್ರ ತಮಗೆ ಗುಣ ಕಂಡಿತೆಂದು ಪತ್ರ ಬರೆದರು. ವಿಷಯ ರಾಜಕೀಯವಾಯಿತು. 1953ರ ಮಾರ್ಚಿಯಲ್ಲಿ ವಾಣಿಜ್ಯ ಸಚಿವ ಸಿಂಕ್ಲೇರ್ ವೀಕ್ಸ್‌ನು, ಮಾರುಕಟ್ಟೆಯ ತೀರ್ಪನ್ನು ಪ್ರಯೋಗಾಲಯವು ಗಣನೆಗೆ ತೆಗೆದುಕೊಂಡಿಲ್ಲವೆಂದು ಆಕ್ಷೇಪಿಸಿ, ಬ್ಯೂರೋದ ನಿರ್ದೇಶಕ ಆಲೆನ್ ಆಸ್ಟಿನ್ನರ ರಾಜೀನಾಮೆಯನ್ನು ಪಡೆದನು.

ವಿಜ್ಞಾನಿಗಳ ಪ್ರಪಂಚದಲ್ಲಿ ದೊಡ್ಡ ಕೋಲಾಹಲವೆದ್ದಿತು. ಬ್ಯೂರೋದ ನೌಕರರಲ್ಲಿಯೇ ಅನೇಕರು ತಾವೂ ಬಿಟ್ಟುಹೋಗುವ ಮಾತನ್ನಾಡಿದರು. ಕೆಲವು ವಾರಗಳಲ್ಲಿಯೇ ಆಸ್ಟಿನ್ನರನ್ನು ತಾತ್ಕಾಲಿಕವಾಗಿ ಉಳಿಸಿಕೊಂಡು, ಅದೇ ವರ್ಷದ ಆಗಸ್ಟಿನಲ್ಲಿ ಖಾಯಂ ಮಾಡಬೇಕಾಯಿತು. ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸಮಿತಿಯೊಂದು ಎಲ್ಲವನ್ನೂ ಪರಿಶೀಲಿಸಿ, ಬ್ಯೂರೋದ ಪರೀಕ್ಷೆಗಳು ಉತ್ತಮವಾಗಿದ್ದುವೆಂದೂ ಪುಡಿಯಲ್ಲಿ ಗುಣವಿಲ್ಲವೆಂದೂ ವರದಿ ಕೊಟ್ಟಿತು. ಆಸ್ಟಿನ್ನರು 1969ರವರೆಗೆ ನಿರ್ದೇಶಕರಾಗಿಯೇ ಇದ್ದರು.

ಹಾಗಾದರೆ ಗುಣ ಕಂಡಿತೆಂದು ಬರೆದವರೆಲ್ಲ ಸುಳ್ಳುಗಾರರೆ? ಅಲ್ಲವೆಂದೇ ನಮ್ಮ ಅಭಿಪ್ರಾಯ. ಬ್ಯಾಟರಿಗೆ ಪುಡಿ ಹಾಕುವವನು ಪುಡಿಯೊಂದನ್ನೇ ಹಾಕುವುದಿಲ್ಲ. ಮುಚ್ಚಳ ತೆಗೆದಾಗ ಕಡಮೆಯಾದ ನೀರನ್ನು ತುಂಬುತ್ತಾನೆ. ಟರ್ಮಿನಲ್ಲುಗಳ ಮೇಲಿನ ಬಿಳಿ ಪುಡಿಯನ್ನು ಉಜ್ಜಿ ತೆಗೆಯುತ್ತಾನೆ. ಮುಖ್ಯವಾಗಿ, ನಿಧಾನವಾಗಿ ದೀರ್ಘಕಾಲ ಚಾರ್ಜು ಮಾಡುತ್ತಾನೆ. ಹಾಗೆ ಮಾಡಿದರೆ ಅರೆಜೀವದ ಬ್ಯಾಟರಿ ಪುಡಿಯಿಲ್ಲದೆಯೂ ಚೇತರಿಸಿಕೊಳ್ಳುತ್ತದೆ. ಒಂದೇ ಬಗೆಯ ಹತ್ತು ಬ್ಯಾಟರಿಗಳಲ್ಲಿ ಐದಕ್ಕೆ ಪುಡಿ ಹಾಕಿ, ಐದಕ್ಕೆ ಹಾಕದೆ, ಉಳಿದದ್ದನ್ನೆಲ್ಲ ಸಮನಾಗಿ ಮಾಡಿ ನೋಡಿದವನಿಗೆ ಮಾತ್ರ ಪುಡಿಯ ಗುಣ ತಿಳಿಯಬಲ್ಲದು. ಸಾವಿರ ಮಂದಿ ಪ್ರಾಮಾಣಿಕರ ಪತ್ರಗಳು ಆ ಹತ್ತು ಬ್ಯಾಟರಿಗಳಿಗೆ ಸಮನಲ್ಲ. ಇಂದು ಮಾರುವ ಪೆಟ್ಟಿಗೆಗಳನ್ನು ಕೊಳ್ಳುವ ಮುನ್ನ ಇದನ್ನು ಯಾರು ಮಾಡಿ ತೋರಿಸಿದ್ದಾರೆ ಎಂದು ಕೇಳಿರಿ.

ಪರರ ತಪ್ಪನ್ನು ಇಷ್ಟು ಎಣಿಸಿದ ನಾವು ನಮ್ಮದನ್ನೂ ಒಪ್ಪಿಕೊಳ್ಳುವುದು ಧರ್ಮ. ನಾವು ಪಾಠ ಹೇಳುವ ಕಾಲೇಜಿನ ಪ್ರಯೋಗಶಾಲೆಯಲ್ಲಿ ಆರು ಸೀಸದ ಬ್ಯಾಟರಿಗಳು ನಮ್ಮ ಜವಾಬ್ದಾರಿಯಲ್ಲಿದ್ದುವು. 2020ರ ಮಾರ್ಚಿಯಲ್ಲಿ ಕಾಲೇಜು ಮುಚ್ಚಿದಾಗ ಪೊಟೆನ್ಷಿಯೋಮೀಟರಿನ ಪ್ರಯೋಗಗಳು ನಡೆದಿದ್ದು, ಅವೆಲ್ಲ ಅರೆಬರೆ ಖಾಲಿಯಾಗಿದ್ದುವು. ಮೂರು ವಾರದಲ್ಲಿ ಬರುತ್ತೇವಲ್ಲ ಎಂದು ಹಾಗೆಯೇ ಬೀರುವಿನಲ್ಲಿಟ್ಟು ಬಂದೆವು. ಬಾಗಿಲು ತೆರೆದಾಗ ಎಂಟು ತಿಂಗಳಾಗಿತ್ತು. ಚಾರ್ಜರಿಗೆ ಹಾಕಿದರೆ ವೋಲ್ಟೇಜು ಥಟ್ಟನೆ ಏರುತ್ತದೆ. ಪ್ರವಾಹ ಮಾತ್ರ ಒಳಗೆ ಹೋಗುವುದಿಲ್ಲ. ಬಿಚ್ಚಿ ಒಂದು ಸಣ್ಣ ದೀಪ ಹಚ್ಚಿದರೆ ಮರುಕ್ಷಣ ವೋಲ್ಟೇಜು ಕುಸಿಯುತ್ತದೆ. ಆರರಲ್ಲಿ ಐದು ಸತ್ತಿದ್ದುವು. ಹೊಸದಕ್ಕೆ ಮಂಜೂರಾತಿ ಬರಲು ಒಂದು ವರ್ಷ ಹಿಡಿಯಿತು. ಆ ವರ್ಷದ ವಿದ್ಯಾರ್ಥಿಗಳು ಒಂದೇ ಬ್ಯಾಟರಿಯ ಮುಂದೆ ಸರದಿಯಲ್ಲಿ ನಿಂತು ಪ್ರಯೋಗ ಮಾಡಿದರು. ರೆಕಾರ್ಡು ಪುಸ್ತಕದಲ್ಲಿ ಎಲ್ಲರೂ ಸಮೀಕರಣವನ್ನು ಸರಿಯಾಗಿಯೇ ಬರೆದಿದ್ದರು. ಬ್ಯಾಟರಿಯನ್ನು ಅರೆಖಾಲಿಯಿಟ್ಟು ಹೋದ ನಮಗೂ ಅದು ಬಾಯಿಪಾಠವೇ ಆಗಿತ್ತು.

ಮಾಡತಕ್ಕದ್ದು ಬಹಳವಿಲ್ಲ. ಕಾರನ್ನು ನಿಲ್ಲಿಸುವ ಮೊದಲು ಬ್ಯಾಟರಿಯನ್ನು ಪೂರ್ತಿಯಾಗಿ ತುಂಬಬೇಕು. ವಿದ್ಯುತ್ತಿನ ಪ್ಲಗ್ಗು ಹತ್ತಿರವಿಲ್ಲದಿದ್ದರೆ ಋಣ ತಂತಿಯನ್ನು ಕಳಚಿಡಬೇಕು. ಸೋರಿಕೆ ನಿಲ್ಲುತ್ತದೆ, ಸ್ವಂತ ಬರಿದಾಗುವಿಕೆ ಮಾತ್ರ ಉಳಿಯುತ್ತದೆ. ಕಳಚುವಾಗ ಋಣವನ್ನೇ ಮೊದಲು ಕಳಚುವುದಕ್ಕೆ ಕಾರಣವುಂಟು. ಕಾರಿನ ಲೋಹದ ಮೈಯೆಲ್ಲ ಋಣಕ್ಕೆ ಸೇರಿದ್ದು. ಧನದ ನಟ್ಟನ್ನು ತಿರುಗಿಸುವಾಗ ಸ್ಪ್ಯಾನರು ಮೈಗೆ ತಗುಲಿದರೆ ನೂರಾರು ಆಂಪೇರ್ ಹರಿದು ಕಿಡಿ ಹಾರುತ್ತದೆ. ಚಾರ್ಜಾದ ಬ್ಯಾಟರಿಯ ಬಳಿ ಜಲಜನಕವಿರುತ್ತದೆ. ಗಾಳಿಯಲ್ಲಿ ಶೇಕಡಾ ನಾಲ್ಕರಷ್ಟಿದ್ದರೆ ಸಾಕು, ಹೊತ್ತಿಕೊಳ್ಳುತ್ತದೆ. ಜೋಡಿಸುವಾಗ ಋಣವು ಕೊನೆಯದು.

ಪ್ಲಗ್ಗು ಇದ್ದರೆ ಅದಕ್ಕಿಂತಲೂ ಒಳ್ಳೆಯದು, ತಿಂಗಳುಗಟ್ಟಲೆ ಜೋಡಿಸಿಡಲೆಂದೇ ಮಾಡಿದ ಸಣ್ಣ ಚಾರ್ಜರು. ಹಳೆಯ ಕಾಲದ ಚಾರ್ಜರುಗಳು ಬ್ಯಾಟರಿ ತುಂಬಿದ ಮೇಲೂ ಒಂದೇ ಸಮನೆ ಪ್ರವಾಹವನ್ನು ತಳ್ಳುತ್ತ, ನೀರನ್ನು ಜಲಜನಕ ಆಮ್ಲಜನಕಗಳಾಗಿ ಒಡೆದು ಫಲಕಗಳನ್ನು ಒಣಗಿಸುತ್ತಿದ್ದುವು. ಈಗಿನವು ಮೊದಲು 14.4 ವೋಲ್ಟಿನ ಆಸುಪಾಸಿಗೆ ಏರಿಸಿ ತುಂಬಿ, ಅನಂತರ ಹದಿಮೂರೂವರೆ ವೋಲ್ಟಿಗೆ ಇಳಿದು, ಸೋರಿದಷ್ಟನ್ನು ಮಾತ್ರ ಕೊಡುತ್ತ ಕುಳಿತಿರುತ್ತವೆ. ಚಳಿಯಲ್ಲಿ ಈ ವೋಲ್ಟೇಜು ಸ್ವಲ್ಪ ಹೆಚ್ಚು ಬೇಕು, ಸೆಕೆಯಲ್ಲಿ ಕಡಮೆ ಬೇಕು. ಒಳ್ಳೆಯ ಚಾರ್ಜರು ಅದನ್ನೂ ನೋಡಿಕೊಳ್ಳುತ್ತದೆ. ಇಡೀ ಯಂತ್ರ ಮೂರು ವಾಟು ಎಳೆಯಿತೆಂದೇ ಇಟ್ಟುಕೊಂಡರೂ ಐದು ತಿಂಗಳಿಗೆ ಹನ್ನೊಂದು ಯೂನಿಟ್ಟಾಗುವುದಿಲ್ಲ.

ಕೊನೆಗೊಂದು ದಿನ ಬದಲಾಯಿಸಲೇಬೇಕಾಗುತ್ತದೆ. ಆದರೆ ಇಂಜಿನು ಏಳಲಿಲ್ಲವೆಂದ ಮಾತ್ರಕ್ಕೆ ಬ್ಯಾಟರಿ ಸತ್ತಿತೆಂದು ತೀರ್ಮಾನಿಸುವುದು, ಹಸಿದು ಬಿದ್ದವನನ್ನು ಸ್ಮಶಾನಕ್ಕೆ ಹೊತ್ತಂತೆ. ಮೊದಲು ಪೂರ್ತಿ ಚಾರ್ಜು ಮಾಡಿ, ಒಂದು ರಾತ್ರಿ ಬಿಟ್ಟು ಅಳೆಯಿರಿ. 12.6 ನಿಂತಿದ್ದರೆ, ಇಂಜಿನನ್ನು ಎಬ್ಬಿಸುತ್ತಿರುವಾಗಲೇ ಇನ್ನೊಬ್ಬರಿಂದ ಮೀಟರನ್ನು ನೋಡಿಸಿರಿ. ಆಗಲೂ ಒಂಬತ್ತೂವರೆ ವೋಲ್ಟಿಗಿಂತ ಬಹಳ ಕೆಳಗೆ ಬೀಳದಿದ್ದರೆ ಅದರಲ್ಲಿ ಇನ್ನೂ ಜೀವವುಂಟು.

ಸ್ಪೋರ್ಟ್ಸ್ ಕಾರುಗಳಲ್ಲಿ ಬದಲಾಯಿಸುವಾಗ ಬೇರೆಡೆ ಇಲ್ಲದ ಕೆಲವು ತೊಡಕುಗಳುಂಟು. ಕಾರಿನ ತೂಕವನ್ನು ಮುಂದಕ್ಕೂ ಹಿಂದಕ್ಕೂ ಸಮನಾಗಿ ಹಂಚಲೆಂದು ಮೊದಲ ಎಂಎಕ್ಸ್-5ರಲ್ಲಿ ಬ್ಯಾಟರಿಯನ್ನು ಹಿಂದಿನ ಡಿಕ್ಕಿಯೊಳಗೆ ಇಟ್ಟಿದ್ದಾರೆ. ಅದು ಮುಚ್ಚಿದ ಸ್ಥಳ. ಆದುದರಿಂದ ಆಮ್ಲವನ್ನು ಗಾಜಿನ ನಾರಿನ ಹಾಸಿನಲ್ಲಿ ಹೀರಿಸಿ ಮುಚ್ಚಿದ ಬಗೆಯ ಬ್ಯಾಟರಿಯನ್ನು ಹಾಕಿ, ಅನಿಲವೇನಾದರೂ ಹೊರಟರೆ ಕಾರಿನ ಹೊರಕ್ಕೆ ಹೋಗಲು ಕೊಳವೆಗಳನ್ನು ಜೋಡಿಸಿದ್ದಾರೆ. ಅಗ್ಗವೆಂದು ಕೊಳವೆಯಿಲ್ಲದ ಸಾಧಾರಣ ಬ್ಯಾಟರಿಯನ್ನು ಅಲ್ಲಿ ತುರುಕಿದರೆ ಆಮ್ಲದ ಆವಿ ಡಿಕ್ಕಿಯ ತಗಡನ್ನು ತಿನ್ನುತ್ತದೆ, ಜಲಜನಕ ಸೇರಿಕೊಳ್ಳುತ್ತದೆ. ನಮ್ಮ ಹುಡುಗನ ಮೂರನೆಯ ಬ್ಯಾಟರಿ ಅಂತಹುದೇ ಆಗಿತ್ತೆಂದು ಕೇಳಿ ನಮಗೆ ಗಾಬರಿಯಾಯಿತು. ಪೋರ್ಷೆ 911ರ 2005ರ ಆಸುಪಾಸಿನ ಮಾದರಿಯಲ್ಲಿ ಬೇರೊಂದು ವಿನೋದವುಂಟು. ಅದರ ಇಂಜಿನು ಹಿಂದೆ, ಸಾಮಾನಿನ ಪೆಟ್ಟಿಗೆ ಮುಂದೆ. ಬ್ಯಾಟರಿ ಆ ಪೆಟ್ಟಿಗೆಯೊಳಗೆ. ಪೆಟ್ಟಿಗೆಯ ಚಿಲಕ ತೆರೆಯುವುದು ವಿದ್ಯುತ್ತಿನಿಂದ! ಬ್ಯಾಟರಿ ಸತ್ತರೆ ಬ್ಯಾಟರಿಯ ಬಳಿಗೆ ಹೋಗುವಂತಿಲ್ಲ. ಇದನ್ನು ಮೊದಲೇ ಊಹಿಸಿ, ಚಾಲಕನ ಕಾಲ ಬಳಿಯ ಫ್ಯೂಸುಗಳ ಪೆಟ್ಟಿಗೆಯಲ್ಲಿ ಎಳೆದು ತೆಗೆಯಬಹುದಾದ ಧನದ ತುದಿಯೊಂದನ್ನು ಇಟ್ಟಿದ್ದಾರೆ. ಹೊರಗಿನ ಬ್ಯಾಟರಿಯಿಂದ ಅಲ್ಲಿಗೆ ವಿದ್ಯುತ್ತು ಕೊಟ್ಟು ಚಿಲಕ ತೆರೆಯಬೇಕು. ಸೋರಿಕೆಯನ್ನು ತಡೆಯುವುದಕ್ಕಿಂತ ಸೋರಿದ ಮೇಲಿನ ದಾರಿಯನ್ನು ಯೋಚಿಸುವುದು ಸುಲಭವಾಯಿತೇನೋ.

ಅದೇ ಪೋರ್ಷೆ ಕಂಪನಿಯು 2009ರಲ್ಲಿ ಕೆಲವು ಕಾರುಗಳಿಗೆ ಲಿಥಿಯಮ್ಮಿನ ಸ್ಟಾರ್ಟರ್ ಬ್ಯಾಟರಿಯನ್ನು ಕೊಡುವುದಾಗಿ ಪ್ರಕಟಿಸಿತು. ತೂಕ ಆರು ಕಿಲೋಗ್ರಾಮಿಗಿಂತ ಕಡಮೆ; ಸೀಸದ್ದಕ್ಕಿಂತ ಹತ್ತು ಕಿಲೋಗ್ರಾಮಿಗೂ ಹೆಚ್ಚು ಹಗುರ. ಜರ್ಮನಿಯಲ್ಲಿ ಅದರ ಬೆಲೆ 1,904 ಯೂರೋ. ಬಹಳ ಚಳಿಯಲ್ಲಿ ಅದು ಸರಿಯಾಗಿ ಕೆಲಸ ಮಾಡದಾದುದರಿಂದ ಜೊತೆಗೆ ಒಂದು ಸೀಸದ ಬ್ಯಾಟರಿಯನ್ನೂ ಕೊಡುತ್ತಿದ್ದರು. ಲಿಥಿಯಂ ಬ್ಯಾಟರಿಯು ತಾನಾಗಿ ಬರಿದಾಗುವುದು ಅತಿ ನಿಧಾನ, ನಿಜ. ಆದರೆ ಕಾರಿನ ಸೋರಿಕೆ ಅದಕ್ಕೂ ಅಷ್ಟೇ. ಅದು ಪೂರ್ತಿ ಬರಿದಾದರೆ ಕೆಡುತ್ತದೆ. ಸೊನ್ನೆ ಡಿಗ್ರಿಗಿಂತ ಕೆಳಗಿರುವಾಗ ಚಾರ್ಜು ಮಾಡಿದರೂ ಒಳಗೆ ಲಿಥಿಯಂ ಲೋಹವಾಗಿ ಕುಳಿತು ಕೆಡುತ್ತದೆ. ವರ್ಷಕ್ಕೆ ಐದು ತಿಂಗಳು ಚಳಿಯ ಗ್ಯಾರೇಜಿನಲ್ಲಿ ನಿಲ್ಲುವ ಕಾರಿಗೆ ಇದನ್ನು ನಾವು ಹೇಳಲಾರೆವು.

ಹಣವಿದ್ದವರು ಮೂರು ವರ್ಷಕ್ಕೊಂದು ಬ್ಯಾಟರಿ ಕೊಂಡರೆ ನಿಮಗೇನು ನಷ್ಟ? ಎಂದು ಯಾರಾದರೂ ಕೇಳಿಯಾರು. ಹದಿನೈದು ಕಿಲೋಗ್ರಾಂ ತೂಗುವ ಬ್ಯಾಟರಿಯಲ್ಲಿ ಎಂಟೊಂಬತ್ತು ಕಿಲೋಗ್ರಾಂ ಸೀಸವಿರುತ್ತದೆ. ಅಮೆರಿಕದಲ್ಲಿ ಹಳೆಯ ಬ್ಯಾಟರಿಗಳು ಬಹುತೇಕ ಎಲ್ಲವೂ ಮರುಬಳಕೆಗೆ ಹೋಗುತ್ತವೆಂಬುದು ನಿಜ. ನಮ್ಮ ದೇಶದಲ್ಲಿಯೂ ಹಳೆಯ ಬ್ಯಾಟರಿಯನ್ನು ಯಾರೂ ತಿಪ್ಪೆಗೆ ಎಸೆಯುವುದಿಲ್ಲ, ಸೀಸಕ್ಕೆ ಬೆಲೆಯುಂಟು. ಕೇಡು ಇರುವುದು ಆ ಬೆಲೆಯಲ್ಲಿಯೇ. ಸೆನೆಗಾಲ್ ದೇಶದ ಡಾಕಾರ್ ನಗರದ ಹೊರವಲಯದಲ್ಲಿರುವ ತಿಯಾರೋಯ್-ಸುರ್-ಮೇರ್ ಎಂಬಲ್ಲಿ ಹಳೆಯ ಬ್ಯಾಟರಿಗಳನ್ನು ಬಯಲಿನಲ್ಲೇ ಒಡೆಯುತ್ತಿದ್ದರು. ಮಣ್ಣಿನಲ್ಲಿ ಬೆರೆತಿದ್ದ ಸೀಸವನ್ನು ಜನರು ಜರಡಿಯಾಡಿ ಮಾರತೊಡಗಿದರು. 2007ರ ನವೆಂಬರಿನಿಂದ 2008ರ ಮಾರ್ಚಿಯೊಳಗೆ ಅಲ್ಲಿ ಹದಿನೆಂಟು ಮಕ್ಕಳು ಸತ್ತರು. ಪ್ರಪಂಚದಲ್ಲಿ ಎಂಬತ್ತು ಕೋಟಿಯಷ್ಟು ಮಕ್ಕಳ, ಎಂದರೆ ಮೂವರಲ್ಲಿ ಒಬ್ಬರ, ರಕ್ತದಲ್ಲಿ ಡೆಸಿಲೀಟರಿಗೆ ಐದು ಮೈಕ್ರೋಗ್ರಾಂ ಅಥವಾ ಅದಕ್ಕೂ ಹೆಚ್ಚು ಸೀಸವಿದೆಯೆಂದು ಯುನಿಸೆಫ್ ಮತ್ತು ಪ್ಯೂರ್ ಅರ್ತ್ ಸಂಸ್ಥೆಗಳ 2020ರ ವರದಿ ಹೇಳಿತು; ಸರಿಯಾದ ಏರ್ಪಾಡಿಲ್ಲದೆ ಬ್ಯಾಟರಿಗಳನ್ನು ಕರಗಿಸುವುದನ್ನು ಮುಖ್ಯ ಕಾರಣಗಳಲ್ಲಿ ಒಂದೆಂದು ಎಣಿಸಿತು. ಸೀಸವು ಬೆಳೆಯುವ ಮಿದುಳಿಗೆ ತಗಲುವ ವಿಷ. ರಕ್ತದಲ್ಲಿ ಇಷ್ಟಿದ್ದರೆ ಅಪಾಯವಿಲ್ಲ ಎಂಬ ಮಿತಿಯೇ ಇಲ್ಲ. ಭಾರತದಲ್ಲಿ 2001ರಲ್ಲಿ ಬ್ಯಾಟರಿಗಳ ಬಗ್ಗೆ ನಿಯಮಗಳು ಬಂದವು. ಅವುಗಳ ಬದಲಿಗೆ 2022ರಲ್ಲಿ ಹೊಸ ನಿಯಮಗಳು ಬಂದವು. ನಿಯಮವಿದ್ದರೂ ಊರಾಚೆಯ ಕುಲುಮೆಗಳಲ್ಲಿ ರಾತ್ರಿ ಸೀಸ ಕರಗುವುದು ನಿಂತಿಲ್ಲ. ಮಿಷಿಗನ್ನಿನ ಗ್ಯಾರೇಜಿನಲ್ಲಿ ಸತ್ತ ಬ್ಯಾಟರಿ ಡಾಕಾರಿಗೆ ಹೋಯಿತೆಂದು ನಾವು ಹೇಳುತ್ತಿಲ್ಲ. ಹತ್ತು ವರ್ಷ ಬಾಳಬಹುದಾದ ಸೀಸವನ್ನು ಎರಡು ವರ್ಷಕ್ಕೊಮ್ಮೆ ಕುಲುಮೆಗೆ ಕಳುಹಿಸಿದರೆ, ಯಾವ ದೇಶದಲ್ಲಾದರೂ, ಆ ಕುಲುಮೆಯ ಗಾಳಿಯನ್ನು ಉಸಿರಾಡುವವನು ಸ್ಪೋರ್ಟ್ಸ್ ಕಾರಿನ ಒಡೆಯನಲ್ಲ.

ನಮ್ಮ ಹುಡುಗನು ಹಿಂದಿನ ಒಡೆಯನ ಅಲಾರಮ್ಮನ್ನು ಕಿತ್ತುಹಾಕಿಸಿದನು. ಸೋರಿಕೆ ಮೂವತ್ತರಿಂದ ಒಂಬತ್ತು ಮಿಲಿಆಂಪೇರಿಗೆ ಇಳಿಯಿತು. ಕೊಳವೆಯಿರುವ, ಮುಚ್ಚಿದ ಬಗೆಯ ಬ್ಯಾಟರಿಯನ್ನು ಹಾಕಿಸಿ, ಗೋಡೆಗೆ ಸಣ್ಣ ಚಾರ್ಜರನ್ನು ನೇತುಹಾಕಿದನು. ಕಳೆದ ಏಪ್ರಿಲಿನಲ್ಲಿ ಚಾರ್ಜರನ್ನು ಬಿಚ್ಚಿ, ಒಂದು ರಾತ್ರಿ ಬಿಟ್ಟು ಅಳೆದು, “ಭಾವ, 12.7 ಇದೆ” ಎಂದು ಬರೆದನು. ಗ್ಯಾರೇಜಿನ ಮೂಲೆಯಲ್ಲಿದ್ದ ಹಳೆಯ ಎರಡು ಬ್ಯಾಟರಿಗಳನ್ನು ಏನು ಮಾಡಿದೆಯೆಂದು ಕೇಳಿದೆವು. ಅಂಗಡಿಗೆ ಹಿಂತಿರುಗಿಸಿದೆನೆಂದೂ, ಕೊಂಡಾಗ ಇಟ್ಟುಕೊಂಡಿದ್ದ ಠೇವಣಿಯಲ್ಲಿ ಒಂದರದನ್ನು ಮಾತ್ರ ವಾಪಸು ಕೊಟ್ಟರೆಂದೂ, ಇನ್ನೊಂದರ ರಸೀದಿ ಎಲ್ಲೋ ಕಳೆದುಹೋಗಿದೆಯೆಂದೂ ಉತ್ತರ ಬಂತು.